ಒಂಟಿ ಹಾರಾಟದ ನೆರಳು

(ಬಾನುಲಿ ಭಾಷಣ)

ಆಸ್ಟ್ರೇಲಿಯಾ ಖಂಡದ ನಕ್ಷೆಯ ನಟ್ಟನಡುವೆ ಬೆರಳಿಟ್ಟರೆ ಅದು ಹೆಚ್ಚುಕಡಿಮೆ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನ ಮೇಲೆಯೇ ಬೀಳುತ್ತದೆ. ಸುತ್ತಲೂ ನೂರಾರು ಮೈಲಿ ಕೆಂಪು ಮಣ್ಣು, ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ದನ ಸಾಕುವವರ ಬೀಡು. ಆ ಬೀಡುಗಳಲ್ಲಿ ಬದುಕುತ್ತಿದ್ದವರಿಗೆ ಒಂದು ಕಾಗದ ತಲಪಬೇಕಾದರೂ ಬಹಳ ದಿನ ಕಾಯಬೇಕಾಗಿದ್ದ ಕಾಲದಲ್ಲಿ, 1939ರಲ್ಲಿ, ಎಡ್ವರ್ಡ್ ಕಾನೆಲನ್ ಎಂಬ ತರುಣರೊಬ್ಬರು ಪುಟ್ಟ ವಿಮಾನಗಳನ್ನಿಟ್ಟುಕೊಂಡು ಅಂಚೆ ಸಾಗಿಸುವ ಕೆಲಸಕ್ಕೆ ಕೈಹಾಕಿದರು. ಅವರ ಮೊದಲ ಅಂಚೆಯ ಹಾದಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಹೊರಟು, ವಾಯವ್ಯ ದಿಕ್ಕಿಗೆ ಸುಮಾರು ಸಾವಿರ ಕಿಲೋಮೀಟರು ದೂರದ ವಿಂಡಮ್ ಎಂಬ ಬಂದರಿನವರೆಗೆ ಇತ್ತು. ಬರಬರುತ್ತ ಆ ವಿಮಾನಗಳು ಅಂಚೆಯೊಂದಿಗೆ ಪ್ರಯಾಣಿಕರನ್ನೂ ಸಾಮಾನುಗಳನ್ನೂ ಸಾಗಿಸಿದವು. ಕಾಯಿಲೆಯವರ ಬಳಿಗೆ ವೈದ್ಯರನ್ನು ಕೊಂಡೊಯ್ದವು. ದಾರಿಯೇ ಇಲ್ಲದ ನಾಡಿಗೆ ಆ ಕಂಪನಿಯೇ ದಾರಿಯಾಯಿತು ಎನ್ನಬೇಕು. 1970ರಲ್ಲಿ ಅದು ಕಾನೇರ್ ಎಂಬ ಚಿಕ್ಕ ಹೆಸರನ್ನು ತಳೆಯಿತು.

1977ರ ಜನವರಿ 5ರಂದು ಒಬ್ಬ ಯುವಕ ವಿಂಡಮ್‌ನಲ್ಲಿ ಒಂದು ಲಘು ವಿಮಾನವನ್ನು ಕದ್ದು ಆಲಿಸ್ ಸ್ಪ್ರಿಂಗ್ಸ್‌ನತ್ತ ಹಾರಿದ. ಹಿಂದೆ ಅವನು ಕಾನೇರ್ ಕಂಪನಿಯಲ್ಲೇ ಚಾಲಕನಾಗಿದ್ದವನು, ಕೆಲಸ ಕಳೆದುಕೊಂಡಿದ್ದ. ಮೂವತ್ತೆಂಟು ವರ್ಷಗಳ ಹಿಂದೆ ಅಂಚೆಯ ಚೀಲ ಹೊತ್ತು ಹೋದ ಹಾದಿಯಲ್ಲಿ ಹಗೆಯನ್ನು ಹೊತ್ತು ಹಿಮ್ಮುಖವಾಗಿ ಬಂದಂತಾಯಿತು. ವಿಮಾನ ಕಂಪನಿಯ ಕಟ್ಟಡದ ಮೇಲೆ ಬಿತ್ತು. ಅವನೊಂದಿಗೆ ಅಂದಿನ ದಿನಗೆಲಸಕ್ಕೆ ಬಂದಿದ್ದ ನಾಲ್ವರು ಜೀವ ತೆತ್ತರು. ಆ ನಾಲ್ವರಲ್ಲಿ ಒಬ್ಬರು ರಾಜರ್ ಕಾನೆಲನ್, ಸಂಸ್ಥಾಪಕರ ಮಗ.

ಆ ಚಾಲಕನ ಹೆಸರು ದಾಖಲೆಗಳಲ್ಲಿದೆ. ನಾನು ಅದನ್ನು ಇಲ್ಲಿ ಹೇಳುವುದಿಲ್ಲ. ಇಂಥ ವೃತ್ತಾಂತಗಳಲ್ಲಿ ಸಾಮಾನ್ಯವಾಗಿ ಉಳಿಯುವ ಹೆಸರು ಒಂದೇ, ವಿಮಾನ ನಡೆಸಿದವನದು. ಕೆಳಗಿದ್ದವರು ‘ನಾಲ್ವರು’, ‘ಹನ್ನೊಬ್ಬರು’ ಎಂಬ ಸಂಖ್ಯೆಯಾಗಿಬಿಡುತ್ತಾರೆ. ಈ ಭಾಷಣದ ಮಟ್ಟಿಗಾದರೂ ಆ ಲೆಕ್ಕವನ್ನು ತಿರುಗಿಸಿ ನೋಡುವುದು ನನ್ನ ಉದ್ದೇಶ. ಲಘು ವಿಮಾನದಲ್ಲಿ ತನ್ನ ಬದುಕನ್ನು ಮುಗಿಸಿಕೊಂಡವನ ಕಥೆಗಿಂತ, ಆ ಸಾವಿನ ನೆರಳು ಯಾರು ಯಾರ ಮೇಲೆ ಬಿತ್ತು, ಎಷ್ಟು ದೂರ ಹಬ್ಬಿತು ಎಂಬುದೇ ಇಲ್ಲಿ ವಿಚಾರಕ್ಕೆ ಬರಬೇಕಾದ ಚರಿತ್ರೆ ಎಂದು ನಾನು ಭಾವಿಸುತ್ತೇನೆ.

ಕಾನೆಲನ್ ಅವರು ಮಗನನ್ನು ಕಳೆದುಕೊಂಡ ಮೂರು ವರ್ಷಕ್ಕೆ, 1980ರಲ್ಲಿ, ಕಂಪನಿ ಇನ್ನೊಬ್ಬರ ಕೈಸೇರಿತು. ಅದಕ್ಕೆ ಹಣದ ಮುಗ್ಗಟ್ಟೇ ಮೊದಲಾದ ಬೇರೆ ಕಾರಣಗಳನ್ನೂ ಹೇಳಬಹುದು. ಎಲ್ಲವನ್ನೂ ಒಂದು ಬೆಳಗಿನ ಮೇಲೆ ಹೊರಿಸುವುದು ಚರಿತ್ರಕಾರನಿಗೆ ತಕ್ಕ ಮಾತಲ್ಲ. ಆದರೆ ನಲವತ್ತು ವರ್ಷ ಕಟ್ಟಿದ್ದನ್ನು ಮುಂದೆ ನಡೆಸಬೇಕಾಗಿದ್ದ ಮಗ ಇಲ್ಲದ ಮನೆಯಲ್ಲಿ ಆ ಮಾರಾಟದ ಮಾತು ಹೇಗೆ ನಡೆದಿರಬಹುದೆಂಬುದನ್ನು ನಾವು ಊಹಿಸಬಲ್ಲೆವು. ತಂದೆ 1983ರಲ್ಲಿ ತೀರಿಕೊಂಡರು. ಉಲೂರು ಬೆಟ್ಟದ ಸಮೀಪದ ವಿಮಾನನಿಲ್ದಾಣಕ್ಕೆ ಇಂದಿಗೂ ಕಾನೆಲನ್ ಎಂಬ ಹೆಸರುಂಟು. ಬಂಡೆಯನ್ನು ನೋಡಲು ಬಂದಿಳಿಯುವ ಪ್ರವಾಸಿಗಳಲ್ಲಿ ಆ ಹೆಸರಿನ ಹಿಂದಿರುವ ಸಂಕಟವನ್ನು ಬಲ್ಲವರು ಎಷ್ಟು ಮಂದಿಯೋ!

ಇಂಥ ಘಟನೆಗಳು ಬಹಳ ವಿರಳ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದ ವಿಮಾನಯಾನ ಆಡಳಿತದ ವೈದ್ಯಕೀಯ ಸಂಶೋಧಕರು 2003ರಿಂದ 2012ರವರೆಗೆ ಆ ದೇಶದಲ್ಲಿ ಸಂಭವಿಸಿದ 2,758 ಮಾರಕ ವಿಮಾನಾಪಘಾತಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಚಾಲಕನ ಆತ್ಮಹತ್ಯೆ ಎಂದು ತೀರ್ಮಾನವಾದವು 8. ಅದರ ಹಿಂದಿನ ಹತ್ತು ವರ್ಷಗಳಲ್ಲಿ 3,648ಕ್ಕೆ 16. ಅಂದರೆ ಸಾವಿರಕ್ಕೆ ಮೂರೋ ನಾಲ್ಕೋ. ಅವು ಬಹುಮಟ್ಟಿಗೆ ಕ್ಲಬ್ಬುಗಳಲ್ಲಿ, ಶಾಲೆಗಳಲ್ಲಿ, ಖಾಸಗಿ ಒಡೆತನದಲ್ಲಿ ಇರುವಂಥ ಸಣ್ಣ ವಿಮಾನಗಳು. ಒಳಗೆ ಇರುತ್ತಿದ್ದವನು ಸಾಮಾನ್ಯವಾಗಿ ಒಬ್ಬನೇ.

‘ಒಬ್ಬನೇ’ ಎಂಬ ಈ ಮಾತಿನಲ್ಲೇ ನಾವು ಮೋಸಹೋಗುತ್ತೇವೆ. ಒಬ್ಬನೇ ಹಾರುವವನ ವಿಮಾನದ ಎಂಜಿನ್ನನ್ನು ಬೆಳಿಗ್ಗೆ ಪರೀಕ್ಷಿಸಿದ ಮೆಕ್ಯಾನಿಕ್ ಒಬ್ಬನಿರುತ್ತಾನೆ. ತಾನೇನಾದರೂ ಒಂದು ತಿರುಪನ್ನು ಸಡಿಲ ಬಿಟ್ಟೆನೇ ಎಂದು ಆತ ತಿಂಗಳುಗಟ್ಟಲೆ ನಿದ್ದೆಗೆಡುತ್ತಾನೆ. ಕಲಿಸಿದ ಗುರುವಿರುತ್ತಾನೆ, ಕಡೆಯ ಪಾಠದ ದಿನ ಶಿಷ್ಯನ ಮುಖದಲ್ಲಿ ಕಾಣಬೇಕಾಗಿದ್ದುದೇನಾದರೂ ಇತ್ತೇ ಎಂದು ನೆನಪನ್ನು ಕೆದಕಿಕೊಳ್ಳುತ್ತಾನೆ. ರೇಡಿಯೋದಲ್ಲಿ ಕಡೆಯ ಮಾತನ್ನು ಕೇಳಿಸಿಕೊಂಡ ನಿಯಂತ್ರಕನಿರುತ್ತಾನೆ. ಹೊಲದಲ್ಲಿ, ಕಾಡಿನಲ್ಲಿ ಹುಡುಕಿಕೊಂಡು ಹೋಗಿ ಮೊದಲು ಕಂಡವರಿರುತ್ತಾರೆ. ಬಿದ್ದ ಜಾಗದಲ್ಲಿ ಯಾರೂ ಇರದಿದ್ದುದು ಕೇವಲ ಅದೃಷ್ಟ. ಇವರೆಲ್ಲರ ಆಚೆಗೆ ಮನೆಯವರು. ರೈಲು, ಬಾವಿ, ಹಗ್ಗ ಎಂದಾಗ ಅನುಮಾನಕ್ಕೆ ಎಡೆ ಕಡಿಮೆ. ವಿಮಾನವಾದರೆ ‘ಅಪಘಾತವೇ ಇರಬಹುದು’ ಎಂಬ ಆಸೆ ಮನೆಯವರನ್ನು ಕೊನೆಯವರೆಗೂ ಬಿಡುವುದಿಲ್ಲ. ವಿಚಾರಣೆಯ ವರದಿ ಬರುವವರೆಗೆ, ಬಂದ ಮೇಲೂ.

ಆ ಆಸೆಯನ್ನು ಹೀಗಳೆಯುವ ಹಾಗೂ ಇಲ್ಲ. 2002ರ ಏಪ್ರಿಲ್ 18ರಂದು ಇಟಲಿಯ ಮಿಲಾನ್ ನಗರದಲ್ಲಿ ಒಂದು ಸಣ್ಣ ವಿಮಾನ ಪಿರೆಲ್ಲಿ ಗೋಪುರ ಎಂಬ ಎತ್ತರದ ಕಟ್ಟಡಕ್ಕೆ ಬಡಿಯಿತು. ಚಾಲಕನೂ ಕಚೇರಿಯಲ್ಲಿದ್ದ ಇಬ್ಬರು ಮಹಿಳೆಯರೂ ಸತ್ತರು. ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿ ಏಳು ತಿಂಗಳಾಗಿತ್ತು. ಮೊದಲು ಭಯೋತ್ಪಾದನೆಯ ಗುಲ್ಲೆದ್ದಿತು, ಆಮೇಲೆ ಆತ್ಮಹತ್ಯೆಯ ಮಾತು ಹಬ್ಬಿತು. ತನಿಖೆ ನಡೆಸಿದವರು ಕಡೆಗೆ ಒಲಿದದ್ದು, ಇಳಿಯುವ ಹೊತ್ತಿನ ತೊಂದರೆಯನ್ನು ನಿಭಾಯಿಸಲಾಗದೆ ಆದ ಅಪಘಾತ ಎಂಬ ವಿವರಣೆಗೆ. ಸತ್ತವನು ಎದ್ದು ಬಂದು ಹೇಳಲಾರ. ಹಾಗಿರುವಾಗ ಅವನ ಮನಸ್ಸಿನ ಮೇಲೆ ಊರೆಲ್ಲ ತೀರ್ಪು ಕೊಡುವುದು ಉಳಿದವರಿಗೆ ಎರಡನೆಯ ಪೆಟ್ಟು.

ತೀರ್ಪಿನ ಅವಸರ ಒಂದು ಬಗೆಯ ತಪ್ಪಾದರೆ, ಸುದ್ದಿಯನ್ನೇ ಹೂತುಬಿಡುವುದು ಮತ್ತೊಂದು ಬಗೆಯದು. 1976ರ ಸೆಪ್ಟೆಂಬರ್ 26ರಂದು ಸೋವಿಯತ್ ದೇಶದ ನೋವೋಸಿಬಿರ್ಸ್ಕ್ ನಗರದಲ್ಲಿ ಒಬ್ಬ ಚಾಲಕ ಆನ್-2 ಎಂಬ ಒಂಟಿ ಎಂಜಿನ್ನಿನ ವಿಮಾನವನ್ನು ಒಂದು ವಸತಿ ಕಟ್ಟಡಕ್ಕೆ ಬಡಿದ. ಅದು ಅವನನ್ನು ಬಿಟ್ಟುಹೋಗಿದ್ದ ಹೆಂಡತಿಯ ತಂದೆತಾಯಿಗಳಿದ್ದ ಕಟ್ಟಡ. ಯಾರ ಮೇಲೆ ಅವನಿಗೆ ಸಿಟ್ಟಿತ್ತೋ ಆಕೆ ಬದುಕಿ ಉಳಿದಳು. ಆ ಜಗಳದ ಗಂಧಗಾಳಿಯೂ ಇಲ್ಲದೆ, ಬೆಳಗಿನ ಹೊತ್ತು ತಮ್ಮ ತಮ್ಮ ಮನೆಗಳಲ್ಲಿದ್ದ ನೆರೆಹೊರೆಯ ಹತ್ತಕ್ಕಿಂತ ಹೆಚ್ಚು ಜನ ಸತ್ತರು. ಅಂದಿನ ಆಡಳಿತ ಈ ಸಂಗತಿ ಪತ್ರಿಕೆಗಳಲ್ಲಿ ಬಾರದಂತೆ ನೋಡಿಕೊಂಡಿತು. ವರ್ಷಗಳು ಕಳೆದು ಕಾಲ ಬದಲಾದ ಮೇಲೆಯೇ ಅದು ಬಹಿರಂಗವಾಗಿ ಚರ್ಚೆಗೆ ಬಂದದ್ದು. ಸತ್ತವರಿಗಾಗಿ ಊರು ಒಟ್ಟಾಗಿ ಅಳುವ ಹಾಗೂ ಇರಲಿಲ್ಲ. ದುಃಖಕ್ಕೆ ಹೆಸರಿಲ್ಲದಾಗ ಅದು ಒಳಗೇ ಹುಣ್ಣಾಗುತ್ತದೆ.

ಇದಕ್ಕೆ ವಿರುದ್ಧವಾದ ಗದ್ದಲವನ್ನು 2010ರಲ್ಲಿ ಅಮೆರಿಕದ ಆಸ್ಟಿನ್ ನಗರ ಕಂಡಿತು. ಆ ವರ್ಷದ ಫೆಬ್ರವರಿ 18ರಂದು, ತೆರಿಗೆ ಇಲಾಖೆಯೊಂದಿಗೆ ದೀರ್ಘಕಾಲ ವ್ಯಾಜ್ಯವಾಡಿದ್ದ ಒಬ್ಬ ವ್ಯಕ್ತಿ ತನ್ನ ಸಣ್ಣ ವಿಮಾನವನ್ನು ಆ ಇಲಾಖೆಯ ಕಚೇರಿಯಿದ್ದ ಕಟ್ಟಡಕ್ಕೆ ನುಗ್ಗಿಸಿದ. ಅಲ್ಲಿ ಸತ್ತವರು ವರ್ನನ್ ಹಂಟರ್; ವಿಯೆಟ್ನಾಮ್ ಯುದ್ಧದಲ್ಲಿ ಸೈನಿಕರಾಗಿದ್ದು ಜೀವ ಉಳಿಸಿಕೊಂಡು ಬಂದು, ಇಳಿವಯಸ್ಸಿನಲ್ಲೂ ಕಚೇರಿಯ ಕೆಲಸ ಮಾಡುತ್ತಿದ್ದವರು. ಹದಿಮೂರು ಮಂದಿಗೆ ಗಾಯಗಳಾದವು. ದಾರಿಯಲ್ಲಿ ಹೋಗುತ್ತಿದ್ದ ಗಾಜಿನ ಕೆಲಸದವನೊಬ್ಬ ತನ್ನ ಗಾಡಿಯಲ್ಲಿದ್ದ ಏಣಿಯನ್ನು ಗೋಡೆಗಾನಿಸಿ, ಹೊಗೆ ತುಂಬಿದ ಮಹಡಿಯೇರಿ ಐದಾರು ಜನರನ್ನು ಹೊರತಂದ. ಇಷ್ಟಾಗಿಯೂ ಮರುದಿನದಿಂದ ಕೆಲವರು ಆ ಚಾಲಕನನ್ನೇ ವೀರನೆಂದು ಕೊಂಡಾಡತೊಡಗಿದರು. ಹಂಟರರ ಮಗ ಟೆಲಿವಿಷನ್ನಿನ ಮುಂದೆ ಬಂದು, ನಿಜವಾದ ವೀರ ತನ್ನ ತಂದೆಯೆಂದು ಲೋಕಕ್ಕೆ ನೆನಪು ಮಾಡಿಕೊಡಬೇಕಾಯಿತು. ತಂದೆ ಸತ್ತ ಸೂತಕದಲ್ಲಿ ಮಗನಿಗೆ ಬಂದ ಕೆಲಸ ಎಂಥದು ನೋಡಿ! ಹೇಳಿಕೊಳ್ಳಲು ಎಂಥ ದೊಡ್ಡ ಅಹವಾಲೇ ಇರಲಿ, ಅದನ್ನು ಇನ್ನೊಬ್ಬರ ಮೈಮೇಲೆ ಬರೆಯುವ ಹಕ್ಕು ಯಾರಿಗೂ ಇಲ್ಲ.

ನೆರಳು ಮನೆಗಳ ಮೇಲೆ ಮಾತ್ರ ಬೀಳುವುದಿಲ್ಲ. ರಾಜ್ಯದ ಕಾನೂನಿನ ಮೇಲೂ ಬೀಳುತ್ತದೆ. 2003ರ ಜನವರಿ 5ರಂದು, ಆಲಿಸ್ ಸ್ಪ್ರಿಂಗ್ಸ್‌ನ ದುರಂತ ನಡೆದು ದಿನಕ್ಕೆ ಸರಿಯಾಗಿ ಇಪ್ಪತ್ತಾರು ವರ್ಷವಾದಾಗ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮೇಲೆ ಕದ್ದ ಒಂದು ಮೋಟಾರ್ ಗ್ಲೈಡರ್ ಸುತ್ತತೊಡಗಿತು. ಮನಸ್ಸಿನ ಸ್ವಾಸ್ಥ್ಯ ಕದಡಿದ ಯುವಕನೊಬ್ಬ ಅದರಲ್ಲಿದ್ದ. ಯುರೋಪಿನ ಕೇಂದ್ರ ಬ್ಯಾಂಕಿನ ಗೋಪುರಕ್ಕೆ ಬಡಿಯುತ್ತೇನೆಂದು ಅವನು ಬೆದರಿಸಿದ. 1986ರಲ್ಲಿ ಚಾಲೆಂಜರ್ ಗಗನನೌಕೆ ಸಿಡಿದಾಗ ಗತಿಸಿದ ಜೂಡಿತ್ ರೆಸ್ನಿಕ್ ಎಂಬ ಗಗನಯಾತ್ರಿಯತ್ತ ಲೋಕದ ಗಮನ ಸೆಳೆಯಬೇಕೆಂಬುದು ಅವನ ಹಂಬಲವಾಗಿತ್ತು. ನಗರದ ನಡುಭಾಗವನ್ನು ತೆರವು ಮಾಡಿಸಿದರು, ಯುದ್ಧವಿಮಾನಗಳು ಮೇಲೇರಿದವು. ಆದರೆ ರೇಡಿಯೋದಲ್ಲಿ ಮಾತಿನ ಎಳೆಯೊಂದು ಉಳಿದುಕೊಂಡಿತ್ತು. ಕಡೆಗೆ ಅವನು ವಿಮಾನನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿದ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಆದರೂ ದೇಶ ಬೆಚ್ಚಿತ್ತು. ಜನರ ಪ್ರಾಣಕ್ಕೆ ಆಯುಧವಾಗಿ ಬಳಕೆಯಾಗುವ ವಿಮಾನವನ್ನು ಸೇನೆ ಹೊಡೆದುರುಳಿಸಬಹುದೆಂಬ ಅಧಿಕಾರವನ್ನು ಕೊಡುವ ಕಾನೂನು 2005ರಲ್ಲಿ ಜಾರಿಗೆ ಬಂತು. ಆ ವರ್ಷದ ಜುಲೈನಲ್ಲಿ ಬರ್ಲಿನ್ನಿನ ಸಂಸತ್ ಭವನದ ಎದುರಿನ ಬಯಲಲ್ಲೇ ಒಂದು ಅತಿಲಘು ವಿಮಾನ ಬಿದ್ದು ಅದರ ಚಾಲಕ ಸತ್ತ. ನಗರದ ನಡುಭಾಗದ ಮೇಲೆ ಹಾರಾಟಕ್ಕೆ ನಿರ್ಬಂಧ ಬಂತು. ಆದರೆ 2006ರ ಫೆಬ್ರವರಿ 15ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯ ಹೊಡೆದುರುಳಿಸುವ ಅಧಿಕಾರವನ್ನು ರದ್ದುಮಾಡಿತು. ವಿಮಾನದೊಳಗೆ ಸಿಕ್ಕಿಬಿದ್ದ ನಿರಪರಾಧಿಗಳನ್ನು ಬೇರೆಯವರನ್ನು ಉಳಿಸುವ ಸಾಧನವೆಂಬಂತೆ ಕಾಣುವುದು ಮನುಷ್ಯನ ಘನತೆಗೆ ಸಲ್ಲದು ಎಂಬುದು ಆ ತೀರ್ಪಿನ ತಿರುಳು. ಒಬ್ಬ ಯುವಕನ ಕದಡಿದ ಮನಸ್ಸು ಎರಡು ಗಂಟೆ ಆಕಾಶದಲ್ಲಿ ಸುತ್ತಿದ್ದರಿಂದ ಒಂದು ರಾಷ್ಟ್ರ, ರಾಜ್ಯ ಯಾರನ್ನು ಕೊಲ್ಲಬಹುದು ಎಂಬ ಪ್ರಶ್ನೆಯನ್ನು ಬುಡದಿಂದ ಯೋಚಿಸಬೇಕಾಯಿತು.

ಭಯದಿಂದ ಹುಟ್ಟುವ ನಿಯಮಗಳಿಗೆ ಇನ್ನೊಂದು ಗುಣವೂ ಉಂಟು. ಅವು ಕೆಲವೊಮ್ಮೆ ತಾವು ತಡೆಯಹೊರಟ ಕೇಡನ್ನೇ ಪೋಷಿಸುತ್ತವೆ. ಚಾಲಕನಿಗೆ ವೈದ್ಯಕೀಯ ಅರ್ಹತೆಯ ಪತ್ರ ಬೇಕು; ಆ ಪತ್ರವಿಲ್ಲದೆ ಹಾರುವಂತಿಲ್ಲ. ನಿಯಮ ಸರಿಯಾದದ್ದೇ. ಆದರೆ ‘ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ಬದುಕು ಬೇಸರವಾಗಿದೆ’ ಎಂದು ವೈದ್ಯರ ಮುಂದೆ ಹೇಳಿದೊಡನೆ ಆ ಪತ್ರಕ್ಕೆ ಸಂಚಕಾರ ಬರುವುದಾದರೆ ಯಾರು ತಾನೆ ಹೇಳಿಯಾರು? ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ನಮ್ಮ ಗಾದೆ ಅವರ ಪಾಲಿಗೆ ಅಕ್ಷರಶಃ ನಿಜವಾಗುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಶ್ನೆಗೆ ಉತ್ತರಿಸಿದ ಮೂರು ಸಾವಿರಕ್ಕೂ ಹೆಚ್ಚು ಅಮೆರಿಕದ ಚಾಲಕರಲ್ಲಿ ನೂರಕ್ಕೆ 56 ಮಂದಿ, ಅರ್ಹತೆ ಕಳೆದುಕೊಳ್ಳುವ ಅಂಜಿಕೆಯಿಂದ ಒಂದಲ್ಲ ಒಂದು ರೀತಿಯಲ್ಲಿ ವೈದ್ಯರಿಂದ ದೂರವಿದ್ದುದಾಗಿ ಒಪ್ಪಿಕೊಂಡರು.

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನಾರ್ತ್ ಡಕೋಟ ವಿಶ್ವವಿದ್ಯಾನಿಲಯದಲ್ಲಿ ವಿಮಾನ ಚಾಲನೆ ಕಲಿಯುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ತರಬೇತಿ ವಿಮಾನದಲ್ಲಿ ಒಬ್ಬನೇ ಹೊರಟು ಮರಳಿ ಬರಲಿಲ್ಲ. ಅವನು ಬಿಟ್ಟುಹೋದ ಕಾಗದಗಳಿಂದ ತಂದೆತಾಯಿಗಳಿಗೆ ತಿಳಿದುಬಂದದ್ದು ಇದು: ಮನಸ್ಸಿಗೆ ಚಿಕಿತ್ಸೆ ಬೇಕೆಂದು ಅವನು ಬಲ್ಲವನಾಗಿದ್ದ, ಕೇಳಿದರೆ ಹಾರುವ ಕನಸು ಮುಗಿದುಹೋದೀತೆಂದು ಹೆದರಿದ್ದ. ಆ ತಂದೆತಾಯಿಗಳು ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರಲಿಲ್ಲ. ನಿಯಮಗಳು ಬದಲಾಗಬೇಕೆಂದು ಊರೂರು ತಿರುಗಿ ಮಾತನಾಡಿದರು. 2023ರಲ್ಲಿ ಈ ಕುರಿತು ಅಮೆರಿಕದ ಸಂಸತ್ತಿನಲ್ಲಿ ಮಸೂದೆಯೊಂದು ಮಂಡನೆಯಾಯಿತು. 2024ರಲ್ಲಿ ತಜ್ಞರ ಸಮಿತಿಯೊಂದು, ಕಷ್ಟವನ್ನು ಹೇಳಿಕೊಂಡ ಚಾಲಕನಿಗೆ ಅದು ಶಿಕ್ಷೆಯಾಗಿ ಪರಿಣಮಿಸದಂಥ ಮಾರ್ಗವಿರಬೇಕೆಂದು ಶಿಫಾರಸು ಮಾಡಿತು. ಇದಕ್ಕೂ ಮೊದಲು, 2010ರಲ್ಲಿ, ಖಿನ್ನತೆಗೆ ಕೊಡುವ ನಾಲ್ಕು ಔಷಧಿಗಳನ್ನು ಸೇವಿಸುವವರು ವೈದ್ಯರ ನಿಗಾದಲ್ಲಿ ಹಾರಬಹುದೆಂದು ಅಲ್ಲಿನ ಆಡಳಿತ ಮೊದಲ ಬಾರಿಗೆ ಒಪ್ಪಿತ್ತು. 2015ರ ಮಾರ್ಚಿಯಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿ 150 ಜನರ ಸಾವಿಗೆ ಕಾರಣವಾದ ಜರ್ಮನ್‌ವಿಂಗ್ಸ್ ದುರಂತದ ತರುವಾಯ ಯುರೋಪಿನಲ್ಲಿ, ಚಾಲಕರು ತಮ್ಮವರೇ ಆದ ಸಹೋದ್ಯೋಗಿಗಳ ಮುಂದೆ ಮನಸ್ಸು ತೆರೆಯುವ ವ್ಯವಸ್ಥೆಯನ್ನು ವಿಮಾನ ಕಂಪನಿಗಳಿಗೆ ಕಡ್ಡಾಯ ಮಾಡಲಾಯಿತು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ 2023ರಲ್ಲಿ ಚಾಲಕರ ಮಾನಸಿಕ ಆರೋಗ್ಯದ ಬಗೆಗೆ ಮಾರ್ಗಸೂಚಿ ಹೊರಡಿಸಿತು. ಬಾಗಿಲು ತೆರೆಯುತ್ತಿದೆ, ಪೂರ್ತಿ ತೆರೆದಿಲ್ಲ.

ಈ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ಕಾಡುವ ಪ್ರಸಂಗವೊಂದನ್ನು ಕಡೆಯದಾಗಿ ಹೇಳುತ್ತೇನೆ. 2022ರ ಸೆಪ್ಟೆಂಬರ್ 3ರಂದು ಅಮೆರಿಕದ ಮಿಸಿಸಿಪಿ ರಾಜ್ಯದ ಟುಪೆಲೊ ಎಂಬ ಊರಿನಲ್ಲಿ ವಿಮಾನನಿಲ್ದಾಣದ ನೌಕರನೊಬ್ಬ ಸಣ್ಣ ವಿಮಾನವೊಂದನ್ನು ಕದ್ದು ಹಾರಿ, ಊರಿನ ಅಂಗಡಿಯೊಂದರ ಮೇಲೆ ಬೀಳುತ್ತೇನೆಂದ. ಪೊಲೀಸರು ಅವನೊಂದಿಗೆ ಮಾತಿಗಿಳಿದರು, ಬೈದು ಬೆದರಿಸದೆ. ಅವನ ಮನಸ್ಸು ತಿರುಗಿತು. ಆದರೆ ಅವನಿಗೆ ಇಳಿಸುವ ವಿದ್ಯೆ ಸರಿಯಾಗಿ ತಿಳಿಯದು! ಆಗ ಚಾಲಕನೊಬ್ಬ ರೇಡಿಯೋದಲ್ಲಿ ಅವನಿಗೆ ಹಂತಹಂತವಾಗಿ ಹೇಳಿಕೊಟ್ಟ. ಗಂಟೆಗಟ್ಟಲೆ ಸುತ್ತಿದ ಮೇಲೆ ವಿಮಾನ ಹೊಲವೊಂದರಲ್ಲಿ ಇಳಿಯಿತು. ಅವನೂ ಬದುಕಿದ, ಊರೂ ಉಳಿಯಿತು. ಎರಡು ತಿಂಗಳು ಕಳೆದು, ನವೆಂಬರ್‌ನಲ್ಲಿ, ಅವನು ಸೆರೆಯಲ್ಲಿದ್ದಾಗಲೇ ಸತ್ತ.

ಆಕಾಶದಲ್ಲಿದ್ದಷ್ಟು ಹೊತ್ತು ಅವನೊಂದಿಗೆ ಮಾತನಾಡಲು ಒಂದು ಊರೇ ಎಚ್ಚರವಾಗಿತ್ತು. ಕೆಳಗಿಳಿದ ಮೇಲೆ ಅವನು ಒಬ್ಬ ಆರೋಪಿಯಾದ. ಮಾಡಿದ ಅಪರಾಧಕ್ಕೆ ವಿಚಾರಣೆ ಆಗಲೇಬೇಕಿತ್ತು, ನಿಜ. ಆದರೆ ಒಬ್ಬನನ್ನು ಸಾವಿನಿಂದ ಮಾತು ಇಳಿಸಿ ತಂದಿತೆಂದರೆ, ಆ ಮಾತು ನೆಲದ ಮೇಲೂ ಅವನ ಜೊತೆಗೆ ನಡೆಯಬೇಕು. ಫ್ರಾಂಕ್‌ಫರ್ಟಿನ ಎಳೆ ಉಳಿಯಿತು, ಟುಪೆಲೊದ್ದು ಉಳಿಯಲಿಲ್ಲ. ನಾರ್ತ್ ಡಕೋಟದ ಹುಡುಗನಿಗೆ ಆ ಎಳೆ ಕಾಣಲೇ ಇಲ್ಲ.

ವಿಮಾನ ನಡೆಸುವವರು ನಮ್ಮಲ್ಲಿ ಬಹಳ ಮಂದಿ ಇರಲಿಕ್ಕಿಲ್ಲ. ಆದರೆ ಹೇಳಿಕೊಂಡರೆ ಕೆಲಸ ಹೋದೀತು, ಮದುವೆ ಮುರಿದೀತು, ಊರವರು ನಕ್ಕಾರು ಎಂದು ಬಾಯಿ ಕಟ್ಟಿಕೊಂಡವರು ನಮ್ಮ ಬೀದಿಗಳಲ್ಲೂ ಇದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವನನ್ನು ಅಪರಾಧಿಯಾಗಿ ಕಾಣದೆ ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಮ್ಮ ದೇಶದಲ್ಲಿ ಹೇಳಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಆ ತುದಿಯಲ್ಲಿ ಕೇಳುವ ಕಿವಿ ಒಂದಿದೆ. ಈ ತುದಿಯಲ್ಲಿ, ಮನೆಯಲ್ಲಿ, ಕಚೇರಿಯಲ್ಲಿ, ಪಕ್ಕದ ಕುರ್ಚಿಯಲ್ಲಿ, ಅಂಥದೇ ಇನ್ನೊಂದು ಕಿವಿ ಇರುವಂತೆ ನೋಡಿಕೊಳ್ಳುವುದು ನಮ್ಮ ನಿಮ್ಮ ಕೆಲಸ.